ಮಾಸ್ಕೋದ ಬೆರಳು, ಮೈಸೂರಿನ ಕಿವಿ

ಪ್ರಶ್ನೆ: ನನ್ನ ಮಗಳು ನಾಲ್ಕು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ. ಮುಂದೆ ದೊಡ್ಡ ವೇದಿಕೆಗಳಲ್ಲಿ ಪಿಯಾನೋ ಕಛೇರಿ ಕೊಡುತ್ತೇನೆ ಎನ್ನುತ್ತಾಳೆ. ಅಂಥವರ ಬದುಕು ಹೇಗಿರುತ್ತದೆ? ಇನ್ನೊಂದು ಮಾತು: ನಮ್ಮ ಮೈಸೂರಿನ ಮಹಾರಾಜರು ರಷ್ಯದ ಪಿಯಾನೋ ವಾದಕರೊಬ್ಬರ ಕೈ ಹಿಡಿದಿದ್ದರಂತೆ. ನಿಜವೇ? ಅವರು ಯಾರು?

ಉತ್ತರ: ನಿಜ. ಅವರ ಹೆಸರು ನಿಕೊಲಾಯ್ ಮೆಟ್ನರ್. ನೀವು ಕೇಳಿದ್ದು ಎರಡು ಪ್ರಶ್ನೆ. ಮೆಟ್ನರ್ ಅವರ ಕಥೆ ಹೇಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಪಿಯಾನೋ ವಾದಕನ ಬದುಕಿನಲ್ಲಿ ಸಿಗುವುದೇನು, ಕಳೆದುಕೊಳ್ಳುವುದೇನು ಎಂಬುದು ಈ ಒಬ್ಬರ ಬಾಳಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಅವರು ಹುಟ್ಟಿದ್ದು ಮಾಸ್ಕೋದಲ್ಲಿ, ಇಂದಿನ ಪಂಚಾಂಗದ ಪ್ರಕಾರ 1880ರ ಜನವರಿ 5ರಂದು. ಮೊದಲ ಪಾಠ ಅಮ್ಮನಿಂದ. ಹನ್ನೆರಡನೆಯ ವಯಸ್ಸಿಗೆ ಮಾಸ್ಕೋ ಕನ್ಸರ್ವೇಟರಿ ಸೇರಿದರು. ಅಲ್ಲಿ ಕೊನೆಗೆ ಸಿಕ್ಕ ಗುರು ವಾಸಿಲಿ ಸಫೋನೋವ್, ಶಿಷ್ಯರನ್ನು ವೇದಿಕೆಗೆ ಸಿದ್ಧ ಮಾಡುವುದರಲ್ಲಿ ಎತ್ತಿದ ಕೈ. 1900ರಲ್ಲಿ ಮೆಟ್ನರ್ ಓದು ಮುಗಿಸಿ ಹೊರಬಂದಾಗ ಅವರಿಗೆ ಇಪ್ಪತ್ತು ವರ್ಷ. ಗುರುಗಳು ಶಿಷ್ಯನಿಗಾಗಿ ಕಛೇರಿಗಳ ದೊಡ್ಡ ಪ್ರವಾಸವೊಂದನ್ನು ಆಗಲೇ ಗೊತ್ತುಮಾಡಿದ್ದರು. ಯಾವ ಯುವ ವಾದಕನಾದರೂ ಕಣ್ಣಿಗೊತ್ತಿಕೊಂಡು ಒಪ್ಪಿಕೊಳ್ಳುವ ಅವಕಾಶ. ಮೆಟ್ನರ್ ಒಲ್ಲೆ ಎಂದರು. ನನಗೆ ಸಂಗೀತ ಬರೆಯಬೇಕಾಗಿದೆ, ಊರೂರು ತಿರುಗಿದರೆ ಅದು ಆಗದು ಎಂಬುದು ಅವರ ನಿಲುವು. ಅಣ್ಣ ಎಮಿಲ್ ಮತ್ತು ಇನ್ನೊಬ್ಬ ಗುರು ತನೇಯೆವ್ ಮೆಟ್ನರ್ ಬೆನ್ನಿಗೆ ನಿಂತರು. ಸಫೋನೋವ್ ಅವರಿಗೆ ಕೋಪ ಬಂತು.

ಒಲ್ಲೆ ಎಂದದ್ದು ಯಾವುದಕ್ಕೆ? ಇಲ್ಲಿ ನಿಮ್ಮ ಮಗಳ ಪ್ರಶ್ನೆಗೆ ಬರುತ್ತೇನೆ.

ನಮ್ಮ ವೈಣಿಕರು ಎಲ್ಲಿಗೆ ಹೋದರೂ ತಮ್ಮ ವೀಣೆಯನ್ನು ಜೊತೆಗೆ ಒಯ್ಯುತ್ತಾರೆ. ಅದರ ಮೇಣ, ಮೆಟ್ಟಿಲು, ತಂತಿಯ ಬಿಗಿತ, ಎಲ್ಲವೂ ಅವರ ಬೆರಳಿಗೆ ಗೊತ್ತು. ಪಿಯಾನೋ ವಾದಕನಿಗೆ ಆ ಭಾಗ್ಯ ಇಲ್ಲ. ದೊಡ್ಡ ಸಭಾಂಗಣದ ಪಿಯಾನೋ ಸುಮಾರು ಒಂಬತ್ತು ಅಡಿ ಉದ್ದ, ತೂಕ ಐನೂರು ಕಿಲೋ ಹತ್ತಿರ. ಹಾಗಾಗಿ ಊರಿಗೊಂದು ಪಿಯಾನೋ, ಊರಿಗೊಂದು ಗುಣ. ಒಂದರಲ್ಲಿ ಬೆರಳಿನಿಂದ ಒತ್ತುವ ಮನೆಗಳು ಹಗುರ, ಒಂದರಲ್ಲಿ ಭಾರ. ಒಂದರಲ್ಲಿ ಮಂದ್ರ ಗುಂಯ್‌ಗುಟ್ಟುತ್ತದೆ, ಇನ್ನೊಂದರಲ್ಲಿ ತಾರಸ್ಥಾಯಿ ಗಾಜಿನಂತೆ ಚುಚ್ಚುತ್ತದೆ. ಸಂಜೆ ಕಛೇರಿಯೆಂದರೆ ಬೆಳಿಗ್ಗೆ ಒಂದೆರಡು ಗಂಟೆಯಲ್ಲಿ ಆ ಅಪರಿಚಿತ ವಾದ್ಯದ ಜೊತೆ ಸಲಿಗೆ ಬೆಳೆಸಿಕೊಳ್ಳಬೇಕು. 88 ಮನೆಗಳಲ್ಲಿ ಒಂದನ್ನು ಒತ್ತಿದರೆ ಒಳಗೆ ಉಣ್ಣೆ ಹೊದಿಸಿದ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿದು ತಕ್ಷಣ ಹಿಂದಕ್ಕೆ ಬೀಳುತ್ತದೆ. ಬಡಿದ ಮೇಲೆ ಆ ಸ್ವರದ ರೂಪವನ್ನು ಬದಲಿಸಲು ಬೆರಳಿಗೆ ಸಾಧ್ಯವಿಲ್ಲ. ಗಮಕ ಇಲ್ಲ, ಮೀಂಡು ಇಲ್ಲ. ಹುಟ್ಟಿದ ಕ್ಷಣದಿಂದಲೇ ಸ್ವರ ಸಾಯಲು ಶುರು. ಹೀಗೆ ಸಾಯುತ್ತಿರುವ ಸ್ವರಗಳನ್ನು ಪೋಣಿಸಿ, ಹಾಡುವ ಕಂಠದಂತೆ ಕೇಳಿಸುವುದೇ ಆ ವಿದ್ಯೆ. ಅದಕ್ಕೆ ದಿನಕ್ಕೆ ಐದಾರು ಗಂಟೆ ಸಾಧಕ ಬೇಕು. ಬಾಲ್ಯದಿಂದ ಶುರುವಾದ ಆ ಸಾಧಕ ಕೊನೆಯ ಕಛೇರಿಯವರೆಗೂ ತಪ್ಪುವುದಿಲ್ಲ.

ಇದರ ಮೇಲೆ ನೆನಪಿನ ಹೊರೆ. ಫ್ರಾಂಜ್ ಲಿಸ್ಟ್ ಮತ್ತು ಕ್ಲಾರಾ ಶೂಮನ್ ಕಾಲದಿಂದ, ಒಬ್ಬರೇ ಕೂತು ಕಛೇರಿ ಕೊಡುವಾಗ ಹಾಳೆ ನೋಡದೆ ನುಡಿಸುವ ರೂಢಿ ಬಂತು. ಎರಡು ಗಂಟೆಯ ಸಂಗೀತ, ಎರಡೂ ಕೈಗಳದ್ದು, ಸಾವಿರಾರು ಸ್ವರ, ಎಲ್ಲವೂ ಬಾಯಿಪಾಠ. ನಮ್ಮ ಸಂಗೀತದಲ್ಲಿ ಒಂದು ಸಂಗತಿ ಮರೆತರೆ ಇನ್ನೊಂದನ್ನು ಕಲ್ಪಿಸಿ ದಾಟಬಹುದು. ಅಲ್ಲಿ ಹಾಗಲ್ಲ. ಬರೆದವನು ಬರೆದಂತೆಯೇ ಬರಬೇಕು, ಆದರೂ ಈಗಷ್ಟೇ ಹುಟ್ಟಿತೇನೋ ಎನ್ನುವಂತೆ ಕೇಳಿಸಬೇಕು.

ಈ ದಾರಿಯಲ್ಲಿ ಹೋಗುವವರು ತೆರುವ ಬೆಲೆಯನ್ನು ಮೆಟ್ನರ್ ಅವರ ಆಪ್ತ ಗೆಳೆಯ ಸೆರ್ಗೆಯ್ ರಖ್ಮಾನಿನೋವ್ ಅವರಲ್ಲಿ ನೋಡಬಹುದು. ಕ್ರಾಂತಿಯಾದ ವರ್ಷ, 1917ರ ಕೊನೆಗೆ, ಅವರು ರಷ್ಯ ಬಿಟ್ಟರು. ಸಂಸಾರ ಸಾಕಬೇಕಿತ್ತು. ಅಲ್ಲಿಯವರೆಗೆ ಮುಖ್ಯವಾಗಿ ಸಂಯೋಜಕರಾಗಿದ್ದವರು ನಲವತ್ತೈದನೆಯ ವಯಸ್ಸಿನಲ್ಲಿ ಪೂರ್ಣಕಾಲಿಕ ವಾದಕರಾದರು. ಬೇರೆಯವರ ಕೃತಿಗಳನ್ನು ರಾಶಿಗಟ್ಟಲೆ ಹೊಸದಾಗಿ ಕಲಿತು, ಅಮೆರಿಕದ ಉದ್ದಗಲಕ್ಕೂ ರೈಲಿನಲ್ಲಿ ತಿರುಗಿ ನುಡಿಸಿದರು. ಹೆಸರು ಬಂತು, ಹಣವೂ ಬಂತು. ಆದರೆ ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಅವರು ಬರೆಯಲಾದದ್ದು ಸಂಖ್ಯೆ ಹಾಕಿದ ಆರೇ ಆರು ಹೊಸ ಕೃತಿ. ಅದಕ್ಕೂ ಮೊದಲು 39 ಕೃತಿಸಂಖ್ಯೆಗಳಷ್ಟು ಬರೆದಿದ್ದವರು!

ಮೆಟ್ನರ್ ಹೆದರಿದ್ದು ಇದಕ್ಕೇ. ಹಾಗಂತ ಅವರು ಪಿಯಾನೋ ಬಿಟ್ಟವರಲ್ಲ. ತಮ್ಮ ಕೃತಿಗಳನ್ನು ತಾವೇ ನುಡಿಸುತ್ತ ಕಛೇರಿ ಕೊಡುತ್ತಿದ್ದರು, ಕನ್ಸರ್ವೇಟರಿಯಲ್ಲಿ ಪಾಠ ಹೇಳಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅವರು ವಾಗ್ಗೇಯಕಾರರ ಜಾತಿಯವರು. ಬೀಥೋವನ್ ಎಂದರೆ ಅವರಿಗೆ ಭಕ್ತಿ. 1910ರಲ್ಲಿ ಬೀಥೋವನ್‌ನ ನಾಲ್ಕನೆಯ ಪಿಯಾನೋ ಕನ್ಚೆರ್ಟೊದ (ಒಬ್ಬ ವಾದಕ ವಾದ್ಯವೃಂದದ ಜೊತೆ ನುಡಿಸುವ ಕೃತಿ) ತಾಲೀಮಿನಲ್ಲಿ ಹೆಸರಾಂತ ವಾದ್ಯವೃಂದ ನಿರ್ದೇಶಕ ವಿಲ್ಲೆಮ್ ಮೆಂಗೆಲ್‌ಬರ್ಗ್ ಅವರೊಂದಿಗೆ ಗತಿಯ ವಿಷಯದಲ್ಲಿ ಮಾತು ಬೆಳೆಯಿತು. ಮೆಟ್ನರ್ ವಾದ್ಯದ ಮುಂದಿನಿಂದ ಎದ್ದು ಹೊರಟೇಹೋದರು. ಮೃದು ಮನುಷ್ಯ, ಆದರೆ ಸಂಗೀತದ ವಿಷಯಕ್ಕೆ ಬಂದರೆ ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದವರು.

ಅವರು ಬರೆದದ್ದು ಬಹುತೇಕ ಪಿಯಾನೋಗೇ: ಹದಿನಾಲ್ಕು ಸೊನಾಟಾ, ಮೂರು ಕನ್ಚೆರ್ಟೊ, ಮೂವತ್ತಕ್ಕೂ ಹೆಚ್ಚು ‘ಸ್ಕಾಜ್ಕಿ’. ಸ್ಕಾಜ್ಕಾ ಎಂದರೆ ರಷ್ಯನ್ನಿನಲ್ಲಿ ಅಜ್ಜಿಕಥೆ. ಮಾತಿಲ್ಲದ ಆ ಕಿರುಕೃತಿಗಳನ್ನು ಕೇಳುತ್ತಿದ್ದರೆ, ಒಲೆಯ ಮುಂದೆ ಕೂತು ಯಾರೋ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಾರೆ, ಹೊರಗೆ ಕತ್ತಲಲ್ಲಿ ಏನೋ ಸರಿದಾಡುತ್ತಿದೆ ಎನ್ನಿಸುತ್ತದೆ. ಜೊತೆಗೆ ನೂರಕ್ಕೂ ಮಿಗಿಲಾದ ಹಾಡುಗಳು. ಪುಷ್ಕಿನ್, ಗಯಟೆ, ತ್ಯೂಚೆವ್ ಅವರ ಕವಿತೆಗಳಿಗೆ ಹಾಕಿದ ಧಾಟಿಗಳು ಅವು.

ಅವರ ಟಿಪ್ಪಣಿ ಪುಸ್ತಕಗಳ ಬಗ್ಗೆ ಹೇಳಲೇಬೇಕು. ಸ್ವರದ ಎಳೆಯೊಂದು ಹೊಳೆದರೆ ಬರೆದಿಡುತ್ತಿದ್ದರು. ವರ್ಷಗಟ್ಟಲೆ ಬರೆದಿಟ್ಟು, ಈ ಜನ್ಮದಲ್ಲಿ ಇಷ್ಟನ್ನೂ ಬಳಸಲಾರೆ ಎನ್ನುವಷ್ಟು ರಾಶಿಯಾಯಿತು. ಕ್ರಾಂತಿಯ ನಂತರದ ಹಸಿವು ಚಳಿಯ ದಿನಗಳಲ್ಲಿ, ಮಾಸ್ಕೋ ಬಿಟ್ಟು ಹಳ್ಳಿಮನೆಯೊಂದರಲ್ಲಿದ್ದಾಗ, ಆ ಪುಸ್ತಕಗಳನ್ನು ತಿರುವಿ ಕಟ್ಟಿದ ಕೃತಿಗುಚ್ಛಕ್ಕೆ ‘ಮರೆತ ರಾಗಗಳು’ ಎಂದು ಹೆಸರಿಟ್ಟರು. ಅದರ ಮೊದಲನೆಯದು ‘ಸೊನಾಟಾ ರೆಮಿನಿಸೆಂಜಾ’, ಅಂದರೆ ನೆನಪಿನ ಸೊನಾಟಾ. ಅದರ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಅವರು ನುಡಿಸಲು ಕೂರುವ ಬಗೆಯೂ ಹೀಗೇ ಒಳಮುಖ. ಸಾಧಕದ ಬಗ್ಗೆ ತಮಗಾಗಿ ಬರೆದುಕೊಂಡ ಚೀಟಿಗಳನ್ನು ಅವರು ತೀರಿಕೊಂಡ ಮೇಲೆ, 1963ರಲ್ಲಿ, ಮಾಸ್ಕೋದಲ್ಲಿ ಪುಸ್ತಕ ಮಾಡಿದರು. ಕಣ್ಣು ಮುಚ್ಚಿ ನುಡಿಸು, ಕಿವಿಗೊಡು, ದಣಿದ ಕೈಯನ್ನು ದುಡಿಸಬೇಡ ಎಂಬ ಧಾಟಿಯ ಎಚ್ಚರಿಕೆಗಳು ಅದರ ತುಂಬ ಇವೆ. ನಿಮ್ಮ ಮಗಳಿಗೆ ಬೇರೇನೂ ಹೇಳದಿದ್ದರೂ ಇದೊಂದನ್ನು ಹೇಳಿ. ಬೆರಳು ಓಡುವುದನ್ನು ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ, ತಾವು ನುಡಿಸಿದ್ದನ್ನು ತಾವೇ ಕೇಳಿಸಿಕೊಳ್ಳುವ ಮಕ್ಕಳು ಕಡಿಮೆ.

1921ರಲ್ಲಿ ಮೆಟ್ನರ್ ರಷ್ಯ ಬಿಟ್ಟರು, ಜೊತೆಗೆ ಹೆಂಡತಿ ಆನ್ನಾ. ಆಕೆ ಪಿಟೀಲು ಕಲಿತವರು, ಮೊದಲು ಅಣ್ಣ ಎಮಿಲ್‌ನ ಹೆಂಡತಿಯಾಗಿದ್ದವರು. ವರ್ಷಗಳ ಕಾಲ ಮೂವರೂ ಸಂಕಟಪಟ್ಟು, ಕೊನೆಗೆ ಎಮಿಲ್ ತಾನೇ ಒಪ್ಪಿದ ಮೇಲೆ ಇವರಿಬ್ಬರ ಮದುವೆಯಾಯಿತು. ಆಮೇಲಿನ ಮೂವತ್ತು ವರ್ಷ ಮೆಟ್ನರ್ ಬರೆದ ಸಾಲುಗಳನ್ನು ಶುದ್ಧಪ್ರತಿ ಮಾಡಿ, ಬಡತನದಲ್ಲಿ ಮನೆ ನಡೆಸಿ, ಅವರನ್ನು ಕಾಪಾಡಿದವರು ಆಕೆಯೇ.

ಮೊದಲು ಹೋಗಿ ನೆಲೆಸಿದ ಬರ್ಲಿನ್ ಮೆಟ್ನರ್ ಅವರನ್ನು ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಯುರೋಪಿನ ಸಂಗೀತ ಹೊಸ ದಾರಿ ಹಿಡಿದಿತ್ತು. ಸ್ಟ್ರಾವಿನ್ಸ್ಕಿ, ಷೋನ್‌ಬರ್ಗ್ ಅವರ ಕಾಲ ಅದು. ಮೆಟ್ನರ್ ಬರೆಯುತ್ತಿದ್ದದ್ದು ಹಳೆಯ ಕಾಲದ ಸಂಗೀತ ಎಂದು ಜನ ಪಕ್ಕಕ್ಕಿಟ್ಟರು. ರಖ್ಮಾನಿನೋವ್ ಮುಂದೆ ನಿಂತು 1924ರಲ್ಲಿ ಅಮೆರಿಕ ಪ್ರವಾಸ ಕೊಡಿಸಿದರು. ಪ್ಯಾರಿಸ್ ಹತ್ತಿರ ಕೆಲವು ವರ್ಷ ಕಳೆಯಿತು. 1927ರಲ್ಲಿ ಒಮ್ಮೆ ಮಾಸ್ಕೋಗೆ ಹೋಗಿ, ರಖ್ಮಾನಿನೋವ್‌ಗೆ ಅರ್ಪಿಸಿದ ತಮ್ಮ ಎರಡನೆಯ ಕನ್ಚೆರ್ಟೊವನ್ನು ನುಡಿಸಿಬಂದರು. ವಾದ್ಯವೃಂದ ನಡೆಸಿದ್ದು ಅವರ ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್. ಅದೇ ತಾಯ್ನಾಡಿನ ಕೊನೆಯ ದರ್ಶನ. ಕೊನೆಗೆ ನೆಲೆಯಾದದ್ದು 1930ರ ದಶಕದ ನಡುವೆ, ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ. ಪಾಠ ಹೇಳುವುದು, ಬರೆಯುವುದು, ಆಗೊಂದು ಈಗೊಂದು ಕಛೇರಿ.

ಯುದ್ಧ ಬಂತು. ಅವರ ಕೃತಿಗಳ ಪ್ರಕಾಶಕರು ಜರ್ಮನಿಯವರು, ಅಲ್ಲಿಂದ ಬರುತ್ತಿದ್ದ ಹಣ ನಿಂತಿತು. ಶಿಷ್ಯರು ಚದುರಿದರು. ಲಂಡನ್ ಮೇಲೆ ಬಾಂಬು ಬೀಳತೊಡಗಿದಾಗ ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೋ ವಾದಕಿ, ಮೆಟ್ನರ್ ಸಂಗೀತಕ್ಕೆ ಬಾಳನ್ನೇ ಮುಡಿಪಿಟ್ಟವರು, ದಂಪತಿಯನ್ನು ವಾರಿಕ್‌ಷೈರ್‌ಗೆ ಕರೆಸಿಕೊಂಡರು. ಅಲ್ಲಿ 1942ರಲ್ಲಿ ಹೃದಯ ಕೈಕೊಟ್ಟಿತು. ಚೇತರಿಸಿಕೊಂಡು ಮೂರನೆಯ ಕನ್ಚೆರ್ಟೊವನ್ನು ಮುಗಿಸಿದರು. 1944ರ ಫೆಬ್ರುವರಿ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ, ಅರವತ್ನಾಲ್ಕರ ಮೆಟ್ನರ್ ತಾವೇ ಅದನ್ನು ನುಡಿಸಿದರು. ರಖ್ಮಾನಿನೋವ್ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಈಗ ಮೈಸೂರಿಗೆ ಬರೋಣ.

ನೀವು ಕೇಳಿದ ಮಹಾರಾಜರು ಜಯಚಾಮರಾಜ ಒಡೆಯರ್. ಅವರು ಹುಟ್ಟಿದ್ದು 1919ರಲ್ಲಿ. ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತ ಹೊಸದಲ್ಲ. ನಾಲ್ವಡಿಯವರ ಕಾಲದಲ್ಲೇ ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರ ಅರಮನೆಯ ವಾದ್ಯವೃಂದ ನಡೆಸುತ್ತಿದ್ದರು. ಜಯಚಾಮರಾಜರು ಹುಡುಗರಾಗಿದ್ದಾಗಿನಿಂದ ಪಿಯಾನೋ ಕಲಿತರು. ಸುಮ್ಮನೆ ಹವ್ಯಾಸವಾಗಿ ಅಲ್ಲ, ಕಛೇರಿ ವಾದಕನಾಗಬೇಕೆಂಬ ನಿಜವಾದ ಆಸೆಯಿಂದ. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಹೋದರು. ಐದೇ ತಿಂಗಳ ಅಂತರ. ಇಪ್ಪತ್ತೊಂದನೆಯ ವಯಸ್ಸಿನ ಯುವಕನ ಪಾಲಿಗೆ ಸಿಂಹಾಸನ ಬಂತು, ಪಿಯಾನೋ ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು. ಆದರೂ ಕಲಿಕೆ ಬಿಡಲಿಲ್ಲ. 1945ರಲ್ಲಿ, ರಾಜ್ಯಭಾರದ ನಡುವೆಯೇ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತು, ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದರು ಎಂಬುದು ನಿಮಗೆ ಗೊತ್ತೇ ಇರುತ್ತದೆ.

ಇದನ್ನು ಬರೆಯುವಾಗ ನನ್ನ ಮನಸ್ಸು ಪ್ರತಿ ಸಲವೂ ಒಂದು ಕ್ಷಣ ನಿಲ್ಲುತ್ತದೆ. ಒಬ್ಬರಿಗೆ ವೇದಿಕೆಯ ಬಾಗಿಲು ತಾನಾಗಿ ತೆರೆದಿತ್ತು, ಅವರು ಒಳಗೆ ಹೋಗಲೊಲ್ಲರು. ಇನ್ನೊಬ್ಬರಿಗೆ ಹೋಗುವ ಆಸೆಯಿತ್ತು, ಬಾಗಿಲು ಮುಚ್ಚಿತು. ಆ ಇನ್ನೊಬ್ಬರೇ ಸಾವಿರಾರು ಮೈಲಿ ದೂರದಿಂದ ಮೊದಲನೆಯವರ ಸಂಗೀತವನ್ನು ಉಳಿಸಿದರು.

ನಡೆದದ್ದು ಹೀಗೆ. ವಾಲ್ಟರ್ ಲೆಗ್ ಎಂಬವರು ಇ.ಎಮ್.ಐ. ಧ್ವನಿಮುದ್ರಣ ಸಂಸ್ಥೆಯಲ್ಲಿದ್ದರು. 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದ ಕಟ್ಟಿದವರೂ ಅವರೇ. ಮೆಟ್ನರ್ ಕೃತಿಗಳ ಮುದ್ರಿಕೆ ಬೇಕೆಂಬ ಮಹಾರಾಜರ ಅಪೇಕ್ಷೆಯ ಮೇಲೆ ಅವರು ಮೈಸೂರಿಗೆ ಬಂದು ಕೆಲವು ವಾರ ಇದ್ದರು. ಆ ಭೇಟಿಯನ್ನು ಲೆಗ್ ಆಮೇಲೆ ಬೆರಗಿನಿಂದ ನೆನಪಿಸಿಕೊಂಡಿದ್ದಾರೆ: ಇನ್ನೂ ಮೂವತ್ತು ತುಂಬದ ದೊರೆ, ಊಹೆಗೆ ನಿಲುಕುವ ಗಂಭೀರ ಸಂಗೀತದ ಮುದ್ರಿಕೆಗಳೆಲ್ಲ ಇದ್ದ ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು, ಕಛೇರಿಗೊಪ್ಪುವ ಹಲವು ದೊಡ್ಡ ಪಿಯಾನೋಗಳು. ಅಲ್ಲಿ ಕೂತು ಮಾತಾಡಿದ ಫಲವಾಗಿ ಎರಡು ಕೆಲಸವಾದವು. ಮೆಟ್ನರ್ ಅವರ ಕನ್ಚೆರ್ಟೊಗಳು, ಹಾಡುಗಳು, ಇತರ ಕೃತಿಗಳ ಧ್ವನಿಮುದ್ರಣದ ಖರ್ಚನ್ನು ಮಹಾರಾಜರು ಹೊತ್ತರು. ಜೊತೆಗೆ ಲೆಗ್ ಅವರ ವಾದ್ಯವೃಂದ ತನ್ನ ಕಾಲ ಮೇಲೆ ನಿಲ್ಲಲೆಂದು ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡ್ ಕೊಡಲು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಮೈಸೂರಿನ ಮಹಾರಾಜರೇ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗಲೂ ಬೆನ್ನ ಹಿಂದೆ ಇದ್ದದ್ದು ಮಹಾರಾಜರ ಹಣ. ಆ ಕಛೇರಿಯ ಧ್ವನಿಮುದ್ರಣ ಮೈಸೂರಿಗೆ ಬಂತು.

ಮೆಟ್ನರ್ ಧ್ವನಿಮುದ್ರಣ 1947ರಲ್ಲಿ ಶುರುವಾಯಿತು. ಅದೆಂಥ ಕೆಲಸ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಗಿನ್ನೂ ಅಲ್ಲಿ ಟೇಪ್ ಬಳಕೆಗೆ ಬಂದಿರಲಿಲ್ಲ. ನುಡಿಸಿದ್ದನ್ನು ತಿರುಗುವ ಮೇಣದ ತಟ್ಟೆಯ ಮೇಲೆ ಸೂಜಿ ನೇರವಾಗಿ ಕೊರೆಯುತ್ತಿತ್ತು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ನಾಲ್ಕು ಚಿಲ್ಲರೆ ನಿಮಿಷ. ಅರ್ಧ ಗಂಟೆ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ಭಾವ ಏರುತ್ತಿರುವಾಗಲೇ ನಿಲ್ಲಿಸಿ, ತಟ್ಟೆ ಬದಲಾಗುವವರೆಗೆ ಕಾದು, ಅದೇ ಬಿಸಿಯಲ್ಲಿ ಮುಂದಕ್ಕೆ ಎತ್ತಿಕೊಳ್ಳಬೇಕು. ಮೂರನೆಯ ನಿಮಿಷದಲ್ಲಿ ಒಂದು ಸ್ವರ ತಪ್ಪಿದರೆ, ಬೃಂದದಲ್ಲಿ ಯಾರೋ ಕೆಮ್ಮಿದರೆ, ಆ ಬದಿ ಪೂರ್ತಿ ಮೊದಲಿನಿಂದ. ಕತ್ತರಿಸಿ ಅಂಟಿಸುವ ಮಾತೇ ಇಲ್ಲ. ಮೆಟ್ನರ್‌ಗೆ ಆಗ ಅರವತ್ತೇಳು ವರ್ಷ, ಎದೆಯಲ್ಲಿ ನೋವು. ಆ ಸ್ಥಿತಿಯಲ್ಲಿ ಮೂರೂ ಕನ್ಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಜೊತೆ ಮುಗಿಸಿದರು. ಇಪ್ಪತ್ತರಲ್ಲಿ ಒಲ್ಲೆನೆಂದ ವಾದಕನ ದುಡಿಮೆಯನ್ನು ಮುಪ್ಪಿನಲ್ಲಿ ಮೈಮೇಲೆ ಎಳೆದುಕೊಂಡರು, ಅದೂ ಪೂರ್ತಿ ತಮ್ಮ ಸಂಗೀತಕ್ಕಾಗಿ.

1949ರ ಹೊತ್ತಿಗೆ ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಆ ಮುದ್ರಿಕೆಗಳು ಸಂಪುಟಗಳಾಗಿ ಬರತೊಡಗಿದವು. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡಿಗೆ ಪಿಯಾನೋ ನುಡಿಸಿದ್ದೇ ಅವರ ಕೊನೆಯ ಧ್ವನಿಮುದ್ರಣಗಳಲ್ಲಿ ಒಂದು. 1951ರ ನವೆಂಬರ್ 13ರಂದು ತೀರಿಕೊಂಡರು. ಸಮಾಧಿ ಲಂಡನ್ನಿನ ಹೆಂಡನ್ ಸ್ಮಶಾನದಲ್ಲಿದೆ. ಆನ್ನಾ 1958ರಲ್ಲಿ ಮಾಸ್ಕೋಗೆ ಮರಳಿದರು. ಅಲ್ಲಿ ಗಂಡನ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗುವುದನ್ನು ಕಣ್ತುಂಬ ನೋಡಿದರು.

ಮೂರನೆಯ ಕನ್ಚೆರ್ಟೊ ಅಚ್ಚಾದಾಗ ಮೆಟ್ನರ್ ಅದನ್ನು ಕೃತಜ್ಞತೆಯ ಮಾತಿನೊಂದಿಗೆ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಯಾವ ವಾದಕ ಆ ಪುಸ್ತಕ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ನಮ್ಮೂರಿನ ಹೆಸರು.

ಮೆಟ್ನರ್ ಅವರೇ ಯಾಕೆ ಎಂದು ನೀವು ಕೇಳಬಹುದು. ಆ ಕಾಲದ ಪ್ರಖ್ಯಾತರು ಎಷ್ಟೋ ಜನ ಇದ್ದರಲ್ಲ. ನನಗೆ ತೋರುವುದನ್ನು ಹೇಳುತ್ತೇನೆ. ಮೆಟ್ನರ್ 1935ರಲ್ಲಿ ಒಂದು ಪುಸ್ತಕ ಬರೆದರು. ಪ್ಯಾರಿಸ್‌ನಲ್ಲಿ ಅದನ್ನು ಹೊರತಂದದ್ದು ರಖ್ಮಾನಿನೋವ್ ಅವರ ಪ್ರಕಾಶನ. ಸಂಗೀತಕ್ಕೆ ಮನುಷ್ಯರು ಮಾಡದ, ಮೊದಲೇ ಇರುವ ನಿಯಮಗಳಿವೆ, ಸಂಯೋಜಕ ಅದನ್ನು ಕಟ್ಟುವುದಿಲ್ಲ, ನೆನಪಿಸಿಕೊಳ್ಳುತ್ತಾನೆ ಎಂಬುದು ಅದರ ತಿರುಳು. ಭೂಮಿಗೆ ಬರುವ ಮುಂಚೆ ಆತ್ಮ ಕೇಳಿದ್ದ ಹಾಡಿನ ಬಗ್ಗೆ ಲೆರ್ಮೊಂತೊವ್ ಬರೆದ ಕವಿತೆಯನ್ನು ಅಲ್ಲಿ ಅವರು ಆಧಾರವಾಗಿ ಹಿಡಿಯುತ್ತಾರೆ. ನಾದೋಪಾಸನೆಯ ಮಾತು ಕೇಳಿ ಬೆಳೆದ, ಶ್ರೀವಿದ್ಯೆಯ ಉಪಾಸಕರೂ ಆದ ದೊರೆಗೆ ಈ ದನಿ ಪರಕೀಯ ಅನ್ನಿಸಿರಲಾರದು. ಮಾಸ್ಕೋದವನೊಬ್ಬ ತಮ್ಮ ಮನೆಯ ಮಾತನ್ನೇ ಆಡುತ್ತಿದ್ದಾನೆ ಎನ್ನಿಸಿರಬೇಕು. ಫ್ಯಾಶನ್ ಬದಲಾಯಿತೆಂದು ಲೋಕ ಪಕ್ಕಕ್ಕಿಟ್ಟವನನ್ನು ಮೈಸೂರು ಕೂತು ಕೇಳಿತು. ನನಗೆ ಇದರ ಬಗ್ಗೆ ತುಂಬ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆ ಹಳೆಯ ಮುದ್ರಿಕೆಗಳು ಸಿ.ಡಿ.ಗಳಾಗಿ ಮರಳಿ ಬಂದಿವೆ. ಹೊಸಬರಲ್ಲಿ ಮಾರ್ಕ್-ಆಂಡ್ರೆ ಹ್ಯಾಮೆಲಿನ್ ಹದಿನಾಲ್ಕೂ ಸೊನಾಟಾಗಳನ್ನು ನುಡಿಸಿದ್ದಾರೆ. ಆದರೆ ಮಗಳಿಗೆ ಮೊದಲು ಕೇಳಿಸಬೇಕಾದದ್ದು ಎಮಿಲ್ ಗಿಲೆಲ್ಸ್ ನುಡಿಸಿದ ‘ಸೊನಾಟಾ ರೆಮಿನಿಸೆಂಜಾ’. ಹೆಚ್ಚುಕಡಿಮೆ ಕಾಲು ಗಂಟೆಯ ಕೃತಿ. ಶುರುವಿನಲ್ಲೇ ಒಂದು ಮೆಲ್ಲನೆಯ ಎಳೆ, ಎಲ್ಲಿಗೆ ಹೊರಟಿದೆ ಎಂದು ತಾನೇ ಅರಿಯದಂತೆ, ಒಂದೇ ನಡಿಗೆಯಲ್ಲಿ ಏರಿ ಇಳಿಯುತ್ತದೆ. ಅಬ್ಬರ ಇಲ್ಲ. ಆಮೇಲೆ ಸಂಗೀತ ಎಲ್ಲೆಲ್ಲೋ ಹೋಗುತ್ತದೆ, ಸಿಡಿಮಿಡಿಗೊಳ್ಳುತ್ತದೆ, ಅಳುತ್ತದೆ. ನಡುವೆ ಒಮ್ಮೆ ಆ ಎಳೆ ಮರಳಿ ಬರುತ್ತದೆ, ಕೊನೆಗೆ ಇನ್ನೊಮ್ಮೆ. ಸ್ವರಗಳು ಹೆಚ್ಚುಕಡಿಮೆ ಅವೇ. ಆದರೂ ಎರಡನೆಯ ಸಲ ಬಂದಾಗ ಅದು ಮೊದಲಿನಂತೆ ಕೇಳಿಸುವುದಿಲ್ಲ, ಮೂರನೆಯ ಸಲವಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿ ನೀವೂ ಕೂತು ಕೇಳಿ. ಅದು ಮರಳಿದ ಕ್ಷಣ ಮಗಳಿಗೆ ತಾನಾಗಿ ಗೊತ್ತಾಗುತ್ತದೆಯೇ, ಗಮನಿಸಿ ನನಗೆ ಬರೆಯಿರಿ.